ಯಾದಗಿರಿ ಸ್ಟೇಷನ್ ರಸ್ತೆಯ ಆನ್‌ಲೈನ್ ಸೆಂಟರ್: ಮನಿ ತೆರಿಗಿ ತುಂಬೋರು ಇಲ್ಲಿಗೇ ಹೋಗ್ರಿ

ನಾನು ಇಡೀ ಸರ್ವಿಸ್ ಲೆಕ್ಕಪತ್ರ ಶಾಖೆಯೊಳಗ ಕಳದಾಂವ. ಅದಕ್ಕ ತೆರಿಗಿ ಕೆಲಸಾ ಯಾರು ಹೆಂಗ ಮಾಡ್ತಾರ ಅಂತ ಸೂಕ್ಷ್ಮಾಗಿ ನೋಡ್ತೀನಿ. ಏಪ್ರಿಲ್‌ನಾಗ ಕಟ್ಟಿದ್ರ ಶೇ 5 ರಿಯಾಯಿತಿ, ಜೂನ್ ದಾಟಿದ್ರ ತಿಂಗಳಿಗೆ ಶೇ 2 ದಂಡ. ಆದ್ದರಿಂದ ಏಪ್ರಿಲ್‌ನಾಗೇ ಹೋದೆ.

ಅಲ್ಲಿ ಕುಂತ ಹುಡುಗಿ ಪಿಐಡಿ (ಆಸ್ತಿ ಗುರುತಿನ) ನಂಬರ್ ಒತ್ತಿ ಚಲನ್ ಕೈಗಿಟ್ಟು ಕಳಸಂಗಿಲ್ಲ. ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ಒಂದೊಂದೇ ಕೇಳ್ತಾಳ. ನಮ್ಮ ಮುಂದಿನ ಖೋಲಿಯೊಳಗ ಬಾಡಿಗಿ ಟೇಲರ್ ಅಂಗಡಿ ಅದ. ವಾಣಿಜ್ಯ ಅಂತ ತೋರಿಸಿದ್ರ ತೆರಿಗಿ ಏರ್ತದ. ಬಾಜೂಕ ನಿಂತಿದ್ದ ಒಬ್ರು "ವಸತಿ ಅಂತ ಹಾಕ್ರಿ, ಯಾರ್ ನೋಡ್ತಾರ" ಅಂದ್ರು. ಆಕಿ ಹಾಕಲಿಲ್ಲ. "ಸ್ವಯಂಘೋಷಣೆ ರೀ, ಸಹಿ ನಿಮ್ದೇ ಇರ್ತದ" ಅಂದ್ಳು. ಭಾಳ ಖುಷಿ ಆತು ನನಗ.

ತೆರಿಗಿ ಮ್ಯಾಲೆ ಬೀಳೋ ಉಪಕರ ಸುದ್ದಾ ಬಿಡಿಸಿ ಹೇಳ್ತಾಳ: ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಉಪಕರ ಶೇ 3. ಗ್ರಂಥಾಲಯದ್ದು, ಭಿಕ್ಷುಕರದ್ದು ನಗರಸಭೆ ವಸೂಲಿ ಮಾಡಿ ಆಯಾ ಸಂಸ್ಥೆಗೆ ದಾಟಿಸಬೇಕಾದ ರೊಕ್ಕ, ಊರಿನ ಖರ್ಚಿಗೆ ಬರಂಗಿಲ್ಲ.

ಗೋಡಿಗೆ ನಗರಸಭೆದು "ಉಳಿತಾಯ ಬಜೆಟ್" ಅನ್ನೋ ಪೇಪರ್ ಕಟಿಂಗ್ ಹಚ್ಚಿದ್ರು. ಸರತಿಯಾಗಿದ್ದ ಒಬ್ರು, ಅಷ್ಟು ಉಳಿದಿದ್ರ ನಾವ್ಯಾಕ ಕಟ್ಟಬೇಕು ಅಂತ ಕೇಳಿದ್ರು. ಇದಕ್ಕ ನಾನೇ ಬಾಯಿ ಹಾಕ್ದೆ. ಆ ಉಳಿತಾಯ ಲೆಕ್ಕದಾಗ ಸೇರೋ ಆರಂಭಿಕ ಶಿಲ್ಕಿನೊಳಗ (ವರ್ಷದ ಶುರುವಿಗೆ ಕೈಯಾಗಿರೋ ರೊಕ್ಕದೊಳಗ) ಗುತ್ತಿಗೆದಾರರ ಠೇವಣಿ ಇರ್ತದ, ಒಂದಿನ ತಿರುಗಿ ಕೊಡಬೇಕು. ಖರ್ಚಾಗದ ಅನುದಾನ ಇರ್ತದ. ಕೇಂದ್ರದ 15ನೇ ಹಣಕಾಸು ಆಯೋಗದ್ದಾದ್ರ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಮುಕ್ತನಿಧಿ ಅಂದ್ರೂ ಶೇ 24.10 ಪರಿಶಿಷ್ಟರ ಪಾಲು, ಅದನ್ನ ಬ್ಯಾರೇದಕ್ಕ ಮುಟ್ಟಬಾರದು. ಇವೆಲ್ಲಾ ತಗದ್ರ ಕೈಯಾಗ ಉಳಿಯೋದು ಮನಿ ತೆರಿಗಿ, ನೀರಿನ ಕರ, ಮಳಿಗಿ ಬಾಡಿಗಿ, ಲೈಸನ್ಸ್ ಫೀ. ಮೇ ತಿಂಗಳಾಗ ಭೀಮಾ ನದಿ ಪಂಪ್ ಸುಟ್ರ ಮಂಜೂರಾತಿಗೆ ಕಾಯ್ಕೋತ ಕುಂದ್ರದ ರಿಪೇರಿ ಮಾಡಸಾಕ ಬರೋದು ಇದೇ ರೊಕ್ಕ. ಆ ಹುಡುಗಿ ಕೆಲಸಾ ನಿಲ್ಲಿಸಿ ಕೇಳಿ, ಆ ಕಟಿಂಗ್ ಮಗ್ಗಲಕ ಇದನ್ನೂ ಬರದು ಹಚ್ತೀನಿ ಅಂದ್ಳು.

ಒಂದು ಸ್ಟಾರ್ ಕಡಿಮಿ ಕೊಟ್ಟೀನಿ: ಸೇವಾ ಶುಲ್ಕದ ಬೋರ್ಡ್ ಇಲ್ಲ, ವಯಸ್ಸಾದೋರಿಗೆ ಕುರ್ಚಿನೂ ಇಲ್ಲ. ಹೋಗುವಾಗ ಹೋದ ವರ್ಷದ ರಸೀದಿ ಒಯ್ರಿ.