ಆಕಳು ಕೊಳ್ಳುವ ಮುಂಚೆ ಕಿವಿಯೋಲೆ ನಂಬರ್ ನೋಡಿಸಿ, ದುಡ್ಡು ಆಮೇಲೆ ಕೊಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಹೊರಗಿನಿಂದ ಕರಾವಿನ ಆಕಳು ತರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ದನದ ಗುರುತಿಗೆ ಅಂತ ಕಿವಿಗೆ ನಂಬರ್ ಇರುವ ಓಲೆ (ಟ್ಯಾಗ್) ಹಾಕುತ್ತಾರಲ್ಲ, ನನಗೆ ಎಮ್ಮೆಯ ಓಲೆ ಹಾಕಿದ ಆಕಳು ಮಾರಿದ್ದಾರೆ. ಹೌದು, ಎಮ್ಮೆಯದು.

ಮಾರಿದವನು ಹಾವೇರಿ ಕಡೆಯ ದಲ್ಲಾಳಿ. ಎರಡನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, 62,000 ರೂಪಾಯಿ. ಹಲ್ಲು ನೋಡಿದೆವು, ಕೆಚ್ಚಲು ನೋಡಿದೆವು, ಅಪ್ಪಯ್ಯ ಸುಳಿ ನೋಡಿದ. ಅವನೇ ಹಾಲು ಕರೆದು ತೋರಿಸಿದ. ಓಲೆ ಇದೆಯಾ ಅಂತ ಕೇಳಿದ್ದಕ್ಕೆ ಕಿವಿ ತಿರುಗಿಸಿ ತೋರಿಸಿದ. "ಇದು ಎಲೆಕ್ಟ್ರಾನಿಕ್ ಓಲೆ ಹೆಗಡೇರ, ಒಳಗ ಚಿಪ್ ಐತಿ. ನಿಮ್ಮ ಹೆಸರಿಗೆ ಆನ್‌ಲೈನ್‌ನಾಗ ಮಾಡ್ಸಿ ಕೊಡ್ತೀನಿ" ಅಂದ. ಅದಕ್ಕೆ ಅಂತ 1,000 ರೂಪಾಯಿ ಬೇರೆ ತೆಗೆದುಕೊಂಡ!

ಚಿಪ್ಪೂ ಇಲ್ಲ, ಎಂಥದೂ ಇಲ್ಲ. ಅಮೆರಿಕದಲ್ಲಿ 2024ರ ನವೆಂಬರ್‌ನಿಂದ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಹಾಲಿನ ದನಕ್ಕೆ ಎಲೆಕ್ಟ್ರಾನಿಕ್ ಓಲೆಯೇ ಬೇಕು ಅಂತ ಕಾನೂನು ಮಾಡಿದ್ದಾರೆ. ಅದು ಅಲ್ಲಿಯ ಕಥೆ. ನಮ್ಮಲ್ಲಿ ದನಕ್ಕೆ ಹಾಕುವ ಓಲೆ, ಪಶು ಆಧಾರ್ ಅಂದರೆ ಹಳದಿ ಪ್ಲಾಸ್ಟಿಕ್, ಮೇಲೆ 12 ಅಂಕಿ, ಒಂದು ಬಾರ್‌ಕೋಡ್. ಅಷ್ಟೇ. 2019ರಲ್ಲಿ ಕಾಲುಬಾಯಿ ರೋಗದ ಲಸಿಕೆ ಕಾರ್ಯಕ್ರಮ ಶುರುವಾದ ಮೇಲೆ ಇಲಾಖೆಯವರೇ ಕೊಟ್ಟಿಗೆಗೆ ಬಂದು ಪುಕ್ಕಟೆ ಹಾಕುತ್ತಿದ್ದಾರೆ. ವಿಷಯ ಇರುವುದು ಆ 12 ಅಂಕಿಯಲ್ಲಿ.

ವಿಮೆ ಮಾಡಿಸೋಣ ಅಂತ ಡಾಕ್ಟರನ್ನು ಕರೆದೆ. ಅವರು ದನಗಳ ದಾಖಲೆ ಇರುವ ಸರ್ಕಾರಿ ಆ್ಯಪ್ ಭಾರತ್ ಪಶುಧನ್‌ನಲ್ಲಿ ನಂಬರ್ ಹಾಕಿದರು. ಸುಮ್ಮನಾದರು. "ನಂಬರ್ ಸರಿ ಓದಿದ್ರಾ?" ಅಂತ ಕೇಳಿದರು. ನಾನು ಮತ್ತೆ ಓದಿದೆ. ಆಮೇಲೆ ತಾವೇ ಓಲೆಯ ಮೇಲಿನ ಸಗಣಿ ಒರೆಸಿ ಒಂದೊಂದೇ ಅಂಕಿ ನೋಡಿ ಹಾಕಿದರು. ಮೊಬೈಲ್ ನನ್ನ ಕಡೆ ತಿರುಗಿಸಿದರು. ಜಾತಿ: ಎಮ್ಮೆ. ಮಾಲೀಕ ಯಾರೋ, ಊರು ಯಾವುದೋ. "ಹೆಗಡೇರೆ, ಇದು ಎಮ್ಮೆ" ಅಂದರು. ಕಪ್ಪು ಬಿಳಿ ಬಣ್ಣದ ನಮ್ಮ ಆಕಳು ಅಲ್ಲೇ ನಿಂತು ಹುಲ್ಲು ತಿನ್ನುತ್ತಿತ್ತು. ಪಕ್ಕದ ಮನೆಯ ಹುಡುಗ ನಗಲು ಶುರು ಮಾಡಿದ. ಈಗ ಡೈರಿಯಲ್ಲೂ ಅದೇ ಮಾತು: "ಎಂತ, ಎಮ್ಮೆ ಹಾಲು ತಂದ್ರಾ?" ನಗಲಿ ಬಿಡಿ, 62,000 ಹೋದದ್ದು ಅವರದ್ದಲ್ಲ ಅಲ್ವಾ.

ಮೊದಲು ಹಾಕಿದವರು ತಪ್ಪು ನಮೂದಿಸಿರಬಹುದು ಅಂತ ಡಾಕ್ಟರ್ ಅಂದುಕೊಂಡರು. ಆಮೇಲೆ ಕಿವಿಯ ಕೂದಲು ಸರಿಸಿ ನೋಡಿದರು. ಓಲೆಯ ಪಕ್ಕದಲ್ಲಿ ಇನ್ನೊಂದು ತೂತು. ಹಳೇದು, ಗುಂಡಗೆ, ಪೂರ್ತಿ ಮಾಗಿದ್ದು. ಅಂದರೆ ಅದರದ್ದೇ ಓಲೆಯನ್ನು ಕತ್ತರಿಸಿ ತೆಗೆದು ಇದನ್ನು ಸಿಕ್ಕಿಸಿದ್ದಾರೆ. ಯಾಕೆ? ಆಕಳ ಮೇಲೆ ಸಾಲ ಇತ್ತೋ, ಸತ್ತಿದೆ ಅಂತ ಓಲೆ ತೋರಿಸಿ ವಿಮೆ ಎತ್ತಿದ್ದಾರೋ. ಯಾವುದೋ ಕಾಗದದಲ್ಲಿ ಸತ್ತ ಆಕಳನ್ನು ನಾನು ಸಾಕುತ್ತಿರಬಹುದು.

ದಲ್ಲಾಳಿಗೆ ಫೋನ್ ಮಾಡಿದೆ. ಮೊದಲು, "ಸರ್ವರ್ ಡೌನ್ ಇರ್ತೈತಿ, ನಾಳೆ ನೋಡ್ರಿ." ಸರ್ವರ್ ಡೌನ್ ಆದರೆ ಆಕಳು ಎಮ್ಮೆ ಆಗ್ತದಾ? ಆಮೇಲೆ, "ಬೆಟ್ಟದಾಗ ಮೇಯೋವಾಗ ಓಲೆ ಕಿತ್ತಿರ್ತೈತಿ, ಬ್ಯಾರೆ ಹಾಕ್ಯಾರ." ನಮಗೇ ಹೇಳುತ್ತಾನೆ! ಬೆಟ್ಟಕ್ಕೆ ಬಿಟ್ಟ ನಮ್ಮ ಮಲೆನಾಡು ಗಿಡ್ಡಗಳ ಓಲೆ ಮುಳ್ಳುಕಂಟಿಗೆ ಸಿಕ್ಕಿ ಹೋಗುವುದು ಹೊಸದಲ್ಲ. ಆದರೆ ಆಗ ಕಿವಿ ಸೀಳಿರುತ್ತದೆ, ಗುಂಡಗೆ ತೂತು ಉಳಿಯುವುದಿಲ್ಲ. ಇದನ್ನು ಹೇಳಿದ್ದೇ ತಡ, ದನಿ ಬದಲಾಯಿತು. "ನಿಮಗ ಹಾಲು ಬೇಕೋ, ನಂಬರ್ ಬೇಕೋ? ಹಾಲು ಕೊಡಾಕತ್ತೈತಿಲ್ಲ?" ಅಂದ. ಆ 1,000 ರೂಪಾಯಿ ಕೇಳಿದರೆ, "ಅದು ಗಾಡಿ ಬಾಡಿಗಿ." ಗಾಡಿ ಬಾಡಿಗೆ ಬೇರೆ ಕೊಟ್ಟಿದ್ದೆ ಮಾರಾಯ್ರೆ!

ನಂಬರ್ ಬೇಕು ಕಣಯ್ಯಾ. ನಂಬರ್ ತಾಳೆಯಾಗದಿದ್ದರೆ ವಿಮೆ ಇಲ್ಲ, ನಾಳೆ ಸತ್ತರೆ ಪರಿಹಾರ ಇಲ್ಲ. ವಿಮೆಯ ಕಂತಿನಲ್ಲಿ ರೈತನ ಪಾಲು ಈಗ ಬರೀ 15 ಪರ್ಸೆಂಟ್, ಅದೂ ನನಗೆ ಸಿಗಲಿಲ್ಲ. ಹಾಕಿಸಿದ ಲಸಿಕೆ, ಇಂಜೆಕ್ಷನ್ ಎಲ್ಲ ಆ ಪುಣ್ಯಾತ್ಮ ಎಮ್ಮೆಯ ಲೆಕ್ಕಕ್ಕೆ. ಹೊಸ ಓಲೆ ಹಾಕಿ ಅಂದರೆ ಡಾಕ್ಟರ್ ಖರೀದಿ ಚೀಟಿ ಕೇಳುತ್ತಾರೆ, ಅವರದ್ದೂ ತಪ್ಪಲ್ಲ. ದಲ್ಲಾಳಿ ಚೀಟಿ ಕೊಡುವುದಿಲ್ಲ. ಬಾಯಿಮಾತಿನ ವ್ಯಾಪಾರ, ನಮ್ಮಲ್ಲಿ ಎಲ್ಲರೂ ಮಾಡುವುದು ಹಾಗೇ.

ಆದ್ದರಿಂದ, ಆಕಳು ಗಾಡಿ ಹತ್ತುವ ಮುಂಚೆಯೇ ಓಲೆಯ ಫೋಟೋ ತರಿಸಿಕೊಳ್ಳಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ನಂಬರ್ ಹಾಕಿಸಿ ನೋಡಿ. ಜಾತಿ, ತಳಿ, ವಯಸ್ಸು, ಮಾಲೀಕನ ಹೆಸರು, ಎಲ್ಲ ಹೊಂದಬೇಕು. ಎರಡೂ ಕಿವಿ ಮುಟ್ಟಿ ನೋಡಿ, ಖಾಲಿ ತೂತು ಇದ್ದರೆ ಕೇಳಿ. ಚೀಟಿಯಲ್ಲಿ ನಂಬರ್ ಬರೆಸಿಕೊಳ್ಳಿ. ನಿಮ್ಮ ಹೆಸರಿಗೆ ಆಗುವ ತನಕ ಪೂರ್ತಿ ದುಡ್ಡು ಕೊಡಬೇಡಿ. "ಚಿಪ್" ಅಂದವನನ್ನು ಅಲ್ಲಿಂದಲೇ ಕಳಿಸಿ.

ದೂರು ಕೊಟ್ಟಿದ್ದೇನೆ. ಅಲ್ಲೂ ಮೊದಲು ಕೇಳಿದ್ದು ಚೀಟಿಯನ್ನೇ. ಅವನು ಈಗ ನನ್ನ ಫೋನ್ ಎತ್ತುವುದಿಲ್ಲ. ಆದರೆ ಮೊನ್ನೆ ಬನವಾಸಿ ರಸ್ತೆಯಲ್ಲಿ ಮತ್ತೆ ಎರಡು ಆಕಳು ಇಳಿಸಿದ್ದಾನಂತೆ. ತೆಗೆದುಕೊಂಡವರು ಇದನ್ನು ಓದುತ್ತಿದ್ದರೆ ಇವತ್ತೇ ನಂಬರ್ ನೋಡಿಸಿ, ನನಗೂ ತಿಳಿಸಿ. ಒಟ್ಟಿಗೆ ಹೋಗಿ ದೂರು ಕೊಡೋಣ.