ಬಿಸಿಲೂರಿನ ಶಿರಸ್ತ್ರಾಣಕ್ಕೆ ಯಾವುದು ಸೈ: ಫೋಮೋ, ಥರ್ಮಾಕೋಲೋ, ಹಳೆಯ ಪತ್ರಿಕೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೆಯ ಪತ್ರಿಕೆ ಮತ್ತು ಮೈದಾ ಅಂಟಿಗೆ. ಸೋದರಳಿಯನ ಕಿರುಚಿತ್ರದಲ್ಲಿ ಬರುವ ಮಾಂತ್ರಿಕನ ಕಾವಲುಗಾರನಿಗೆ ಯಾಳಿ (ಗುಡಿಯ ಕಂಬಗಳಲ್ಲಿ ಕಾಣುವ ಸಿಂಹದಂಥ ಕಾಲ್ಪನಿಕ ಮೃಗ) ಮುಖದ ಶಿರಸ್ತ್ರಾಣ, ಎದೆಗವಚ, ಕತ್ತಿ ಬೇಕಾಗಿದ್ದವು. ದಾವಣಗೆರೆಯಲ್ಲಿ ನಾಟಕದ ಸಾಮಾನು ಬಾಡಿಗೆಗೆ ಸಿಗುತ್ತದೆ, ನಿಜ. ಆದರೆ ಆ ಕಿರೀಟ ತೊಟ್ಟವನು ಮಾಂತ್ರಿಕನ ಕಾವಲುಗಾರನಾಗುವುದಿಲ್ಲ, ದುರ್ಯೋಧನನೇ ಆಗುತ್ತಾನೆ. ಹಾಗಾಗಿ ಮನೆಯಲ್ಲೇ ಮಾಡಲು ಕುಳಿತೆವು.

ಥರ್ಮಾಕೋಲಿನ ಮಾತು ಬೇಗ ಮುಗಿಯುತ್ತದೆ. ಕೊಯ್ದರೆ ಮನೆ ತುಂಬ ಬಿಳಿ ಹರಳು. ಸ್ಪ್ರೇ ಬಣ್ಣ ಹೊಡೆದರೆ ಅದರಲ್ಲಿರುವ ದ್ರಾವಕವೇ ಅದನ್ನು ತಿಂದು ಹಾಕುತ್ತದೆ. ಸುಳ್ಳು ಬಂಡೆ ಮಾಡಲು ಒಳ್ಳೆಯದು ಎನ್ನುತ್ತಾರೆ. ಚಿತ್ರದುರ್ಗ ಪಕ್ಕದಲ್ಲಿರುವಾಗ ಸುಳ್ಳು ಬಂಡೆ ಯಾರಿಗೆ ಬೇಕು?

ಫೋಮಿನ ವಿಷಯ ಹಾಗಲ್ಲ. ಚಪ್ಪಲಿ ಅಟ್ಟೆಗೆ ಬಳಸುವ ಇವಿಎ ಫೋಮೇ ಇದು. ಹಗುರ, ಬ್ಲೇಡಿಗೆ ಸಲೀಸಾಗಿ ಸಿಗುತ್ತದೆ, ಬಿದ್ದರೆ ಒಡೆಯುವುದಿಲ್ಲ. ನಮ್ಮ ಊರಿನ ಸ್ಟೇಷನರಿ ಅಂಗಡಿಯಲ್ಲಿ ಫೋಮ್ ಶೀಟ್ ಎಂದು ಕೇಳಿದರೆ ಮಕ್ಕಳ ಪ್ರಾಜೆಕ್ಟಿನ ತೆಳ್ಳನೆಯ ಬಣ್ಣದ ಹಾಳೆ ಕೊಡುತ್ತಾರೆ; ಅದು ನಿಲ್ಲುವುದೇ ಇಲ್ಲ. 10 ಮಿ.ಮೀ. ದಪ್ಪದ್ದನ್ನು ಆನ್‌ಲೈನಿನಲ್ಲಿ ತರಿಸಿದೆವು. ಸಾಗಣೆ ವೆಚ್ಚವೂ ಸೇರಿ ಹುಡುಗರ ಬಜೆಟ್ಟಿನ ದೊಡ್ಡ ಪಾಲು ಅಲ್ಲಿಗೇ ಹೋಯಿತು.

ತಕರಾರು ಇರುವುದು ಅಂಟಿನಲ್ಲಿ. ಚಪ್ಪಲಿ ರಿಪೇರಿಯವರು ಬಳಸುವ ಹಳದಿ ಸಲ್ಯೂಷನ್ನನ್ನು ಎರಡೂ ಅಂಚಿಗೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ. ರಾತ್ರಿ ಎಳೆದು ನೋಡಿದರೂ ಜಪ್ಪಯ್ಯ ಎನ್ನಲಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಾಗಾಗಿ ನಾವು ಹೋದದ್ದು ಪರಿಚಯದವರ ಹೊಲದ ಬಂಡೆಗಳ ಬಳಿಗೆ. ಏಪ್ರಿಲ್ ತಿಂಗಳು, ಕಪ್ಪು ಬಣ್ಣದ ಶಿರಸ್ತ್ರಾಣ. ಹನ್ನೊಂದು ಗಂಟೆಯ ಹೊತ್ತಿಗೆ ನೆತ್ತಿಯ ಬೆಸುಗೆ ಮೆಲ್ಲಗೆ ಬಾಯಿ ಬಿಟ್ಟಿತು. ಒತ್ತಿ ಹಿಡಿದರೆ ಕೂರುತ್ತದೆ, ಕ್ಯಾಮೆರಾ ಆನ್ ಆದೊಡನೆ ಮತ್ತೆ ಬಿರಿಯುತ್ತದೆ. "ಮಾವ, ಇದು ಯಾಳಿಯೋ ಆಕಳಿಸುವ ಮೀನೋ?" ಎಂದು ಅಳಿಯ ಕೇಳಿದ. ನಗುವವರೆಲ್ಲ ನಕ್ಕರು, ಬೆಳಗಿನ ಬೆಳಕು ಹೋಯಿತು.

ಕಾರಣ ಸರಳ. ಬಿಸಿಗೆ ಸಲ್ಯೂಷನ್ ಮೆತ್ತಗಾಗುತ್ತದೆ. ಜೊತೆಗೆ, ಬಗ್ಗಿಸಿ ಅಂಟಿಸಿದ ಫೋಮು ಮತ್ತೆ ಚಪ್ಪಟೆಯಾಗಲು ಸದಾ ಹವಣಿಸುತ್ತಿರುತ್ತದೆ. ಮೊದಲೇ ಚೆನ್ನಾಗಿ ಕಾಯಿಸಿ ಬಗ್ಗಿಸಿದರೆ ಆ ಎಳೆತ ಕಡಿಮೆಯಾಗುತ್ತದೆ, ಆದರೆ ಅಷ್ಟು ದಪ್ಪಕ್ಕೆ ಮನೆಯ ಹೇರ್ ಡ್ರೈಯರ್ ಸಾಲದು, ಹೀಟ್ ಗನ್ ಬೇಕು. ಮತ್ತೊಂದು ಖರ್ಚು. ಕೊನೆಗೆ ದಬ್ಬಣ ಮತ್ತು ಗೋಣಿದಾರದಿಂದ ಬೆಸುಗೆಯುದ್ದಕ್ಕೂ ಹೊಲಿದೆ. ಹೊಲಿಗೆ ಚರ್ಮದ ಕವಚದ ಹಾಗೆ ಚಂದವಾಗಿಯೇ ಕಂಡಿತು, ಅದನ್ನು ಒಪ್ಪಬೇಕು. ಆದರೆ ಹೊಲಿಯುವುದೇ ಆದರೆ ಇಷ್ಟು ದುಡ್ಡಿನ ಫೋಮು ಏಕೆ, ಹಳೆಯ ರೆಕ್ಸಿನ್ ಸಾಲದೇ?

ಫೋಮನ್ನು ಕೆಡಿಸುವ ಅದೇ ಬಿಸಿಲು ಕಾಗದಕ್ಕೆ ವರ. ಮೈದಾವನ್ನು ಗಂಜಿಯ ಹದಕ್ಕೆ ಕುದಿಸಿ, ನೆನೆಸಿ ರುಬ್ಬಿದ ಮೆಂತ್ಯ ಸೇರಿಸಿದೆ. ಅಜ್ಜಿಯರು ತೂತಾದ ಮೊರಕ್ಕೆ ಕಾಗದ ಮೆತ್ತುತ್ತಿದ್ದ ಮೆಂತ್ಯವೇ. ಗುಜರಿಯಲ್ಲಿ ತೂಕಕ್ಕೆ ಸಿಕ್ಕ ಅಲ್ಯೂಮಿನಿಯಂ ಬೋಗುಣಿಯನ್ನು ಮಗುಚಿ, ಕೊಬ್ಬರಿ ಎಣ್ಣೆ ಸವರಿ, ಪ್ಲಾಸ್ಟಿಕ್ ಕವರ್ ಹೊದಿಸಿದರೆ ಅದೇ ಅಚ್ಚು. ಕಾಗದವನ್ನು ಕತ್ತರಿಸಬಾರದು, ಹರಿಯಬೇಕು. ಹರಿದ ಅಂಚು ಒಂದರೊಳಗೊಂದು ಬೆರೆಯುತ್ತದೆ. ಎರಡು ಪದರ ಹಚ್ಚಿ, ಮಹಡಿಯ ಮೇಲೆ ಒಣಗಿಸಿ, ಮತ್ತೆ ಎರಡು. ಅವಸರದಿಂದ ಒಮ್ಮೆಲೇ ಮೆತ್ತಿದರೆ ಒಳಗೆ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಆರೇಳು ಪದರವಾದರೆ ಬೆರಳಿನಿಂದ ತಟ್ಟಿದಾಗ ಟಣ್ ಎನ್ನುತ್ತದೆ.

ಹುಬ್ಬಿಗೆ ಮತ್ತು ಕೇಸರಕ್ಕೆ ಗೋಣಿದಾರವನ್ನು ಸುರುಳಿ ಸುತ್ತಿ ಕೂರಿಸಿ, ಮೇಲೆ ತೆಳುವಾದ ಒಂದು ಪದರ ಎಳೆದೆ. ಕಣ್ಣಿಗೆ ಹಳೆಯ ಟಾರ್ಚಿನ ಗಾಜು. ಇಡೀ ಮುಖಕ್ಕೆ ಕಪ್ಪು ಬಳಿದು, ಪೆನ್ಸಿಲ್ ಸೀಸದ ಪುಡಿಯನ್ನು ಹತ್ತಿಬಟ್ಟೆಯಿಂದ ಉಬ್ಬಿದ ಭಾಗಗಳಿಗಷ್ಟೇ ತಿಕ್ಕಿದರೆ, ಎಣ್ಣೆ ಕಂಡ ಕಬ್ಬಿಣದ ಹೊಳಪು ಬರುತ್ತದೆ. ಬೆಳ್ಳಿ ಬಣ್ಣದ ಡಬ್ಬಿಯಿಂದ ಈ ಹೊಳಪು ಬರುವುದಿಲ್ಲ.

ಕಾಗದದ ಶತ್ರುಗಳು ಬೆವರು ಮತ್ತು ಇಲಿ. ಒಳಗೆ ಹತ್ತಿಬಟ್ಟೆಯ ಲೈನಿಂಗ್ ಕೊಟ್ಟೆ. ಪುಸ್ತಕ ಬೈಂಡಿಂಗ್‌ನವರು ಅಂಟಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಾರೆ, ಹುಳ ಬರುವುದಿಲ್ಲ. ಆದರೆ ಅದು ವಿಷ, ಮುಖಕ್ಕೆ ತೊಡುವ ವಸ್ತುವಿಗೆ ಬೇಡವೇ ಬೇಡ. ಇಲಿಗೆ ಸಿಗದಂತೆ ಸೂರಿನ ಕೊಕ್ಕೆಗೆ ನೇತುಹಾಕಿದರೆ ಸಾಕು.

ಗುಜರಿಯ ತಟ್ಟೆ, ಸರಪಳಿ, ಫ್ಯಾನಿನ ಬಟ್ಟಲಾಕಾರದ ಮುಚ್ಚಳವನ್ನೇ ಕವಚವಾಗಿಸಿದರೆ ಕ್ಯಾಮೆರಾಗೆ ಸೊಗಸು. ಆದರೆ ನಟ ಒಂದು ಹೆಜ್ಜೆ ಇಟ್ಟರೂ ಧ್ವನಿಮುದ್ರಣದಲ್ಲಿ ಪಾತ್ರೆ ಅಂಗಡಿಯೇ ಕೇಳುತ್ತದೆ.

ಕತ್ತಿ ಮಾತ್ರ ಫೋಮಿನದೇ ಇರಲಿ, ಹುಡುಗರ ಕಣ್ಣಿನ ಪ್ರಶ್ನೆ. ಮಳೆಗಾಲದಲ್ಲಿ ಚಿತ್ರೀಕರಣವಿದ್ದರೂ ಫೋಮನ್ನೇ ಆರಿಸಿ, ಕಾಗದ ಒಣಗುವುದಿಲ್ಲ. ನಾಳೆಯೇ ಬೇಕು ಎನ್ನುವವರಿಗೂ ಅದೇ. ನನಗೆ ಮಹಡಿಯಿದೆ, ಸಂಜೆ ಬಿಡುವಿದೆ, ಪತ್ರಿಕೆಯಂತೂ ದಿನಾ ಬರುತ್ತದೆ. ಮುಂದಿನ ಚಿತ್ರಕ್ಕೆ ಭುಜಕ್ಕೆ ಏನಾದರೂ ಬೇಕಂತೆ. ಬಯಲಾಟದ ಭುಜಕೀರ್ತಿಯ ಮಾದರಿಯಲ್ಲಿ ಕನ್ನಡಿ ಚೂರು ಕೂರಿಸಿ, ಕಾಗದದಲ್ಲೇ ಮಾಡುತ್ತೇನೆ.