ಕಾರು ಹೋಗದ ಮೂರು ಆಲ್ಪ್ಸ್ ಊರುಗಳು: ವೆಂಗೆನ್, ಮ್ಯೂರೆನ್, ಝೆರ್ಮಾಟ್

ಕಳೆದ ಸೆಪ್ಟೆಂಬರ್ ಆರಂಭದಲ್ಲಿ ಅಪ್ಪ, ಅಮ್ಮ ಮತ್ತು ಹನ್ನೊಂದು ವರ್ಷದ ಮಗಳೊಂದಿಗೆ ಸ್ವಿಟ್ಜರ್ಲೆಂಡಿನ ಕಾರು ಹೋಗದ ಮೂರು ಬೆಟ್ಟದೂರುಗಳಲ್ಲಿ ತಲಾ ಮೂರು ರಾತ್ರಿ ಉಳಿದು ಬಂದೆ. ಅಪ್ಪ ಅಮ್ಮ ಚಿಕ್ಕಮಗಳೂರಿನಿಂದ ಬಂದಿದ್ದರು; ನಾನು ನೆಲೆಸಿರುವ ಸ್ಟುಟ್‌ಗಾರ್ಟ್‌ನಿಂದ ನಮ್ಮದೇ ಕಾರಿನಲ್ಲಿ ಹೊರಟೆವು. ಅಮ್ಮನಿಗೆ ಎಪ್ಪತ್ತೊಂದು ವರ್ಷ, ಎರಡೂ ಮಂಡಿಗಳಲ್ಲಿ ನೋವಿದೆ. ಸಮತಟ್ಟಾದ ದಾರಿಯಲ್ಲಿ ಒಂದು ಗಂಟೆ ನಡೆಯಬಲ್ಲರು, ಆದರೆ ಇಪ್ಪತ್ತು ಮೆಟ್ಟಿಲು ಇಳಿಯುವುದು ಅವರಿಗೆ ಕಷ್ಟ. ಈ ಹೋಲಿಕೆಯನ್ನು ಮುಖ್ಯವಾಗಿ ಅವರ ನಡಿಗೆಯ ಅಳತೆಯಿಂದಲೇ ಮಾಡಿದ್ದೇನೆ. ಶಿಖರಗಳ ಸೌಂದರ್ಯದಲ್ಲಿ ಈ ಮೂರು ಊರುಗಳ ಪೈಕಿ ಯಾವುದೂ ಕಡಿಮೆಯಿಲ್ಲ. ವ್ಯತ್ಯಾಸವಿರುವುದು ರೈಲು ನಿಲ್ದಾಣದಿಂದ ವಸತಿಯ ಬಾಗಿಲಿನವರೆಗಿನ ಕೊನೆಯ ಅರ್ಧ ಕಿಲೋಮೀಟರಿನಲ್ಲಿ, ಮತ್ತು ಅದನ್ನು ನಾನು ತಿಳಿದದ್ದು ತಡವಾಗಿ.

ಕಾರು ಎಲ್ಲಿ ನಿಲ್ಲುತ್ತದೆ ಎಂಬುದರಿಂದಲೇ ಆರಂಭಿಸುತ್ತೇನೆ. ವೆಂಗೆನ್‌ಗೆ ಹೋಗುವವರು ಕಣಿವೆಯ ತಳದಲ್ಲಿರುವ ಲೌಟರ್‌ಬ್ರುನ್ನೆನ್ ರೈಲು ನಿಲ್ದಾಣದ ಪಕ್ಕದಲ್ಲಿರುವ ಬಹುಮಹಡಿ ನಿಲುಗಡೆಯಲ್ಲಿ ಕಾರನ್ನು ಬಿಟ್ಟು, ಅಲ್ಲಿಂದ ಹಲ್ಲುಗಂಬಿಯ ರೈಲು, ಅಂದರೆ ಹಳಿಗಳ ನಡುವಿನ ಹಲ್ಲುಳ್ಳ ಕಂಬಿಯನ್ನು ಕಚ್ಚಿಕೊಂಡು ಏರುವ ರೈಲು, ಹತ್ತಬೇಕು. ಹದಿನೈದು ನಿಮಿಷದೊಳಗೆ ರೈಲು 1,274 ಮೀಟರ್ ಎತ್ತರದ ಊರಿನ ನಡುಮಧ್ಯಕ್ಕೆ ತಂದು ಇಳಿಸುತ್ತದೆ. 1893ರಲ್ಲಿ ಆರಂಭವಾದ ಈ ರೈಲುಮಾರ್ಗ ವೆಂಗೆನ್ ದಾಟಿ ಕ್ಲೈನೆ ಶೈಡೆಕ್ ಮೂಲಕ ಗ್ರಿಂಡೆಲ್‌ವಾಲ್ಡ್‌ವರೆಗೆ ಸಾಗುತ್ತದೆ. ಮ್ಯೂರೆನ್‌ಗೆ ಎರಡು ದಾರಿಗಳಿವೆ. ಲೌಟರ್‌ಬ್ರುನ್ನೆನ್‌ನಿಂದ ಕೇಬಲ್ ಕಾರ್‌ನಲ್ಲಿ ಗ್ರೂಚಾಲ್ಪ್‌ಗೆ ಏರಿ, ಅಲ್ಲಿಂದ ಪ್ರಪಾತದ ಅಂಚಿನಲ್ಲೇ ಸಾಗುವ ಪುಟ್ಟ ರೈಲಿನಲ್ಲಿ ಹೋಗುವುದು ಹಳೆಯ ದಾರಿ. ಕಣಿವೆಯ ತುದಿಯ ಸ್ಟೆಖೆಲ್‌ಬರ್ಗ್‌ನಿಂದ ನೇರವಾಗಿ ಮೇಲೇರುವ ಕೇಬಲ್ ಕಾರ್ ಇನ್ನೊಂದು. 2024ರ ಡಿಸೆಂಬರ್‌ನಲ್ಲಿ ಆರಂಭವಾದ ಈ ಹೊಸ ಕೇಬಲ್ ಕಾರ್ ಜಗತ್ತಿನಲ್ಲೇ ಅತ್ಯಂತ ಕಡಿದಾದದ್ದು. ಅದರ ಇಳಿಜಾರು ಶೇ 159.4, ಅಂದರೆ ಅಡ್ಡಕ್ಕೆ ನೂರು ಮೀಟರ್ ಸಾಗುವಷ್ಟರಲ್ಲಿ ಸುಮಾರು 159 ಮೀಟರ್ ಮೇಲೇರುವಷ್ಟು. ಝೆರ್ಮಾಟ್‌ಗೆ ಐದು ಕಿಲೋಮೀಟರ್ ಕೆಳಗಿರುವ ಟೇಶ್‌ನಲ್ಲೇ ಹೊರಗಿನವರ ಕಾರುಗಳೆಲ್ಲ ನಿಲ್ಲಬೇಕು. ಅಲ್ಲಿಂದ ಇಪ್ಪತ್ತು ನಿಮಿಷಕ್ಕೊಂದು ರೈಲು ಇದ್ದು, ಪ್ರಯಾಣ ಹನ್ನೆರಡು ನಿಮಿಷದ್ದು. ಸಾಮಾನು ಪೇರಿಸಿದ ತಳ್ಳುಗಾಡಿಯನ್ನು ಇಳಿಸದೆ ಹಾಗೆಯೇ ರೈಲಿನೊಳಕ್ಕೆ ತಳ್ಳಿಕೊಂಡು ಹೋಗಬಹುದಾದ್ದರಿಂದ, ಕಾರಿನಿಂದ ಊರಿನ ನಿಲ್ದಾಣದವರೆಗಿನ ವ್ಯವಸ್ಥೆಯಲ್ಲಿ ಝೆರ್ಮಾಟ್‌ಗೆ ಮೊದಲ ಸ್ಥಾನ ಕೊಡಲೇಬೇಕು.

ಆದರೆ ಅಲ್ಲಿಂದ ಮುಂದಿನ ದಾರಿ ಬೇರೆಯೇ ಆಯಿತು. ಮ್ಯೂರೆನ್‌ನಿಂದ ಝೆರ್ಮಾಟ್‌ಗೆ ಬರುವ ದಿನ ಕಾಂಡರ್‌ಸ್ಟೆಗ್‌ನಲ್ಲಿ ಕಾರನ್ನು ರೈಲಿಗೆ ಹತ್ತಿಸಿ, 14.6 ಕಿಲೋಮೀಟರ್ ಉದ್ದದ ಲೋಚ್‌ಬರ್ಗ್ ಸುರಂಗ ದಾಟಿ ಗೊಪ್ಪೆನ್‌ಸ್ಟೈನ್‌ನಲ್ಲಿ ಇಳಿಸಿಕೊಂಡೆವು. ರೈಲಿಗಾಗಿ ಸಾಲಿನಲ್ಲಿ ಕಾದು ನಾವು ಝೆರ್ಮಾಟ್ ತಲುಪುವಾಗ ರಾತ್ರಿ ಎಂಟೂವರೆ ಗಂಟೆ. ನಮ್ಮ ವಸತಿಯವರು ಬ್ಯಾಟರಿ ವಾಹನ ಕಳುಹಿಸುವುದಾಗಿ ಹೇಳಿದ್ದರು, ಆದರೆ ಅದು ಏಳು ಗಂಟೆಯವರೆಗೆ ಮಾತ್ರ ಎಂಬುದನ್ನು ಹೇಳಿರಲಿಲ್ಲ. ಬಾಡಿಗೆ ವಾಹನವೊಂದು ನಮ್ಮನ್ನು ಓಣಿಯ ಬಾಯಿಯವರೆಗೆ ತಂದು ಬಿಟ್ಟಿತು. ಅಲ್ಲಿಂದ ಮನೆಗೆ ಅರವತ್ತನಾಲ್ಕು ಮೆಟ್ಟಿಲುಗಳಿದ್ದವು. ಕಿರಿದಾದ ಕಣಿವೆಯ ತಳದಲ್ಲಿ ಹುಟ್ಟಿದ ಝೆರ್ಮಾಟ್ ಬೆಳೆಯುತ್ತ ಎರಡೂ ಬದಿಯ ಇಳಿಜಾರುಗಳನ್ನು ಹತ್ತಿದೆ. ಆದ್ದರಿಂದ ‘ನಿಲ್ದಾಣದಿಂದ ಏಳು ನಿಮಿಷ’ ಎಂದು ಬರೆದಿರುವ ಮನೆಗೂ ನಿಲ್ದಾಣಕ್ಕೂ ನಡುವೆ ಎಷ್ಟು ಏರಿದೆ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ಆ ರಾತ್ರಿ ಅಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಮರುದಿನ ಪೂರ್ತಿ ಅವರು ಕೆಳಗಿಳಿಯಲೇ ಇಲ್ಲ. ಮ್ಯಾಟರ್‌ಹಾರ್ನ್ ಶಿಖರ ತೋರಿಸಬೇಕೆಂದು ಅಷ್ಟು ದೂರದಿಂದ ಕರೆತಂದ ಅಮ್ಮನನ್ನು ಮನೆಯೊಳಗೆ ಕೂರಿಸಿಬಿಟ್ಟೆನಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ವೆಂಗೆನ್ ಕೂಡ ಇಳಿಜಾರಿನ ಊರೇ. ನಿಲ್ದಾಣ ಮತ್ತು ಅಂಗಡಿಗಳಿರುವ ನಡುಬೀದಿ ಮಟ್ಟಸವಾಗಿದ್ದರೂ, ನಿಲ್ದಾಣಕ್ಕಿಂತ ಕೆಳಗಿರುವ ಮನೆಗಳಿಗೆ ಇಳಿದು ಹೋಗುವ ದಾರಿಗಳು ಕಡಿದಾಗಿವೆ. ಗಾಲಿಯ ಪೆಟ್ಟಿಗೆ ಅಲ್ಲಿ ನಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಅದೃಷ್ಟವಶಾತ್ ನಮ್ಮ ಕೊಠಡಿ ನಡುಬೀದಿಯಲ್ಲೇ ಇತ್ತು. ಊರಿನ ಮೇಲಿರುವ ಮೆನ್‌ಲಿಖೆನ್ ಬೆಟ್ಟಕ್ಕೆ ಹೋಗುವ ಕೇಬಲ್ ಕಾರ್ ನಿಲ್ದಾಣವೂ ಅಲ್ಲಿಂದ ಐದು ನಿಮಿಷದ ನಡಿಗೆ. ಮ್ಯೂರೆನ್ ಈ ವಿಷಯದಲ್ಲಿ ಮೂರರಲ್ಲೇ ಉತ್ತಮ. ಲೌಟರ್‌ಬ್ರುನ್ನೆನ್ ಕಣಿವೆಯ ನೆಟ್ಟಗೋಡೆಯ ಮೇಲೆ, 1,638 ಮೀಟರ್ ಎತ್ತರದಲ್ಲಿ, ಜಗಲಿಯಂತೆ ಚಾಚಿಕೊಂಡಿರುವ ಊರದು. ಒಂದು ತುದಿಯಲ್ಲಿ ರೈಲು ನಿಲ್ದಾಣ, ಇನ್ನೊಂದು ತುದಿಯಲ್ಲಿ ಕೇಬಲ್ ಕಾರ್ ನಿಲ್ದಾಣ, ನಡುವೆ ಹದಿನೈದು ನಿಮಿಷ ನಡೆದು ಮುಗಿಸಬಹುದಾದ, ಹೆಚ್ಚು ಏರಿಳಿತವಿಲ್ಲದ ಬೀದಿ. ವಸತಿ ಯಾವ ತುದಿಗೆ ಹತ್ತಿರವಿದೆ ಎಂದು ನೋಡಿ ಬರುವ ದಾರಿಯನ್ನು ಆರಿಸಿಕೊಂಡರೆ ಸಾಕು. ಗ್ರೂಚಾಲ್ಪ್ ಕೇಬಲ್ ಕಾರ್‌ನ ಕೆಳಗೆ ಸಾಮಾನು ಸಾಗಿಸಲೆಂದೇ ಒಂದು ವೇದಿಕೆ ತೂಗುಹಾಕಿದೆ. ಊರಿಗೆ ಬೇಕಾದ ದಿನಸಿ, ಕಟ್ಟಡದ ಸಾಮಗ್ರಿ ಎಲ್ಲವೂ ಹಾಗೆಯೇ ಮೇಲೇರುವುದನ್ನು ನೋಡಿದ ಅಪ್ಪ, ಒಂದು ಊರು ರಸ್ತೆಯಿಲ್ಲದೆ ಬದುಕುವ ಬಗೆಯನ್ನು ಅರ್ಥಮಾಡಿಕೊಳ್ಳಲು ಆ ನಿಲ್ದಾಣದಲ್ಲೇ ಅರ್ಧ ಗಂಟೆ ಕುಳಿತಿದ್ದರು.

ಕಾರಿಲ್ಲ ಎಂದರೆ ವಾಹನವೇ ಇಲ್ಲ ಎಂದಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಝೆರ್ಮಾಟ್‌ನಲ್ಲಿ ಹೋಟೆಲುಗಳ, ಬಾಡಿಗೆಯ ಮತ್ತು ಸರಕಿನ ಬ್ಯಾಟರಿ ವಾಹನಗಳು, ಜೊತೆಗೆ ಬ್ಯಾಟರಿ ಬಸ್ಸುಗಳು ದಿನವಿಡೀ ಓಡಾಡುತ್ತವೆ. ಅಲ್ಲೇ ತಯಾರಾಗುವ ಆ ಚೌಕಾಕಾರದ ಪುಟ್ಟ ಗಾಡಿಗಳು ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುವುದರಿಂದ, ಕಿವಿ ಮಂದವಾಗಿರುವ ಅಪ್ಪನ ಕೈಯನ್ನು ನಿಲ್ದಾಣದ ಬೀದಿಯಲ್ಲಿ ನಾನು ಬಿಡಲಿಲ್ಲ. ರಕ್ಷಣಾ ಕಾರ್ಯದ ಹೆಲಿಕಾಪ್ಟರ್‌ಗಳ ಸದ್ದೂ ಕಣಿವೆಯಲ್ಲಿ ಆಗಾಗ ತುಂಬಿಕೊಳ್ಳುತ್ತದೆ. ವೆಂಗೆನ್‌ನಲ್ಲೂ ಬ್ಯಾಟರಿ ವಾಹನಗಳಿವೆ, ಆದರೆ ಎಣಿಸುವಷ್ಟು ಮಾತ್ರ. ಮ್ಯೂರೆನ್‌ನಲ್ಲಿ ರಾತ್ರಿ ಒಂಬತ್ತರ ಮೇಲೆ ನಮಗೆ ಕೇಳಿದ್ದು ದನಗಳ ಕೊರಳ ಗಂಟೆ, ಕಣಿವೆಯಾಚೆಯ ನೀರಿನ ಮೊರೆತ, ಒಮ್ಮೆ ಎದುರಿನ ಗೋಡೆಯಿಂದ ಮಂಜುಗಡ್ಡೆ ಕಳಚಿ ಬಿದ್ದ ದೂರದ ಗುಡುಗು. ನಮ್ಮ ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ರಜಾದಿನಗಳಂದು ಕಾರುಗಳ ಸಾಲು ನಿಂತಿರುವುದನ್ನು ಹಲವು ವರ್ಷ ನೋಡಿರುವ ಅಪ್ಪ, ಆ ರಾತ್ರಿ ಬಹಳ ಹೊತ್ತು ಬಾಲ್ಕನಿಯಿಂದ ಒಳಗೆ ಬರಲಿಲ್ಲ.

ನಡೆಯಲಾಗದವರಿಗೆ ಏನು ಕಾಣುತ್ತದೆ ಎಂಬುದು ಮುಂದಿನ ಪ್ರಶ್ನೆ. ಮ್ಯೂರೆನ್‌ನ ಬೀದಿಯಲ್ಲಿ ಬೆಂಚಿನ ಮೇಲೆ ಕುಳಿತರೆ ಐಗರ್, ಮೊಂಖ್ ಮತ್ತು 4,158 ಮೀಟರ್ ಎತ್ತರದ ಯುಂಗ್‌ಫ್ರೌ ಎದುರಿಗೇ ಇರುತ್ತವೆ. ಯಾವ ಟಿಕೆಟ್ಟೂ ಬೇಡ. ವೆಂಗೆನ್ ಕಣಿವೆಯ ಇನ್ನೊಂದು ಬದಿಯಲ್ಲಿರುವುದರಿಂದ ಅಲ್ಲಿಂದ ಯುಂಗ್‌ಫ್ರೌ ಓರೆಯಾಗಿ ಕಾಣುತ್ತದೆ, ಐಗರ್ ಮರೆಯಾಗುತ್ತದೆ. ಆದರೆ ಕೇಬಲ್ ಕಾರ್‌ನಲ್ಲಿ ಮೆನ್‌ಲಿಖೆನ್‌ಗೆ ಏರಿದರೆ, ಅಲ್ಲಿಂದ ಕ್ಲೈನೆ ಶೈಡೆಕ್‌ವರೆಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದದ, ಅಗಲವಾದ, ನಿಧಾನವಾಗಿ ಇಳಿಯುವ ಕಾಲುದಾರಿಯಿದೆ. ಸಾಮಾನ್ಯರು ಒಂದೂವರೆ ಗಂಟೆಯಲ್ಲಿ ಮುಗಿಸುವ ಅದನ್ನು ಅಮ್ಮ ಊರುಗೋಲು ಹಿಡಿದು, ಐಗರ್‌ನ ಉತ್ತರ ಗೋಡೆಯನ್ನು ಕಣ್ಣೆದುರಿಗೇ ಇಟ್ಟುಕೊಂಡು, ಮೂರು ಗಂಟೆಯಲ್ಲಿ ನಡೆದು ಮುಗಿಸಿದರು. ದಾರಿಯ ಕೊನೆಯಲ್ಲಿ ರೈಲು ಕಾದಿರುತ್ತದೆ ಎಂಬ ಭರವಸೆಯಿಂದಲೇ ಅದು ಸಾಧ್ಯವಾಯಿತು. ಇಡೀ ಪ್ರವಾಸದಲ್ಲಿ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಝೆರ್ಮಾಟ್‌ನ ಪಾಲಿಗೆ ನ್ಯಾಯ ಮಾಡಬೇಕಾದರೆ ಗೋರ್ನರ್‌ಗ್ರಾಟ್ ರೈಲಿನ ಬಗ್ಗೆ ಹೇಳಲೇಬೇಕು. 1898ರಿಂದ ಓಡುತ್ತಿರುವ ಈ ವಿದ್ಯುತ್ ರೈಲು ಊರಿನ ನಿಲ್ದಾಣದ ಎದುರಿನಿಂದಲೇ ಹೊರಟು ಮೂವತ್ತಮೂರು ನಿಮಿಷಗಳಲ್ಲಿ 3,089 ಮೀಟರ್‌ಗೆ ಏರುತ್ತದೆ. ಮೇಲೆ ಒಂದು ಬದಿಗೆ 4,634 ಮೀಟರ್ ಎತ್ತರದ ಮೊಂಟೆ ರೋಸಾ ಮತ್ತು ಗೋರ್ನರ್ ಹಿಮನದಿ, ಇನ್ನೊಂದು ಬದಿಗೆ 4,478 ಮೀಟರ್‌ನ ಮ್ಯಾಟರ್‌ಹಾರ್ನ್. ಮೂರನೆಯ ದಿನ ಅಮ್ಮನೂ ಧೈರ್ಯ ಮಾಡಿ ಮೆಟ್ಟಿಲಿಳಿದು ಬಂದರು. ಎತ್ತರ ಥಟ್ಟನೆ ಹೆಚ್ಚುವುದರಿಂದ ಅವರಿಗೆ ಅಲ್ಲಿ ತಲೆ ಭಾರವೆನಿಸಿತು. ಇಪ್ಪತ್ತು ನಿಮಿಷ ಕುಳಿತಿದ್ದು ಇಳಿದುಬಿಟ್ಟೆವು. ಅದಕ್ಕಿಂತಲೂ ಎತ್ತರದ, 3,883 ಮೀಟರ್‌ನ ಕ್ಲೈನ್ ಮ್ಯಾಟರ್‌ಹಾರ್ನ್ ಕೇಬಲ್ ಕಾರ್‌ಗೆ ಅವರನ್ನು ಕರೆದೊಯ್ಯುವ ಯೋಚನೆಯನ್ನು ಕೈಬಿಟ್ಟೆ. ಹೃದಯದ ಅಥವಾ ಉಸಿರಾಟದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಆ ಎತ್ತರಗಳಿಗೆ ಹೋಗಬಾರದು.

ಊರಾಗಿ, ಅಂದರೆ ಚರಿತ್ರೆಯಿರುವ ಜಾಗವಾಗಿ, ಝೆರ್ಮಾಟ್ ಉಳಿದೆರಡಕ್ಕಿಂತ ಶ್ರೀಮಂತವಾಗಿದೆ. ಚರ್ಚಿನ ಪಕ್ಕದಲ್ಲಿ ಪರ್ವತಾರೋಹಿಗಳ ಸಮಾಧಿಗಳಿವೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ನೇತೃತ್ವದ ಏಳು ಮಂದಿ ಮ್ಯಾಟರ್‌ಹಾರ್ನ್ ತುದಿಯನ್ನು ಮೊದಲ ಬಾರಿ ಮುಟ್ಟಿದರು. ಇಳಿಯುವಾಗ ಹಗ್ಗ ತುಂಡಾಗಿ ನಾಲ್ವರು ಸತ್ತರು. ಆ ತುಂಡಾದ ಹಗ್ಗ ಊರಿನ ಸಂಗ್ರಹಾಲಯದಲ್ಲಿದೆ. ಅದರ ಮುಂದೆ ನಿಂತ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಹಿಂಟರ್‌ಡಾರ್ಫ್ ಎಂಬ ಹಳೆಯ ಕೇರಿಯಲ್ಲಿ ಕಪ್ಪಾದ ಮರದ ಕಣಜಗಳು ಕಂಬಗಳ ಮೇಲೆ ನಿಂತಿವೆ; ಪ್ರತಿ ಕಂಬದ ತಲೆಯ ಮೇಲೆ ಚಪ್ಪಟೆಯಾದ ದುಂಡುಗಲ್ಲು. ‘ಇಲಿ ಹತ್ತದಿರಲಿ ಅಂತ ಇಟ್ಟಿದ್ದಾರೆ’ ಎಂದು ಫಲಕ ಓದುವ ಮೊದಲೇ ಅಮ್ಮ ಹೇಳಿದರು.

ಹವೆ ಕೆಟ್ಟಾಗ ಊರಿನಿಂದ ಹೊರಬರುವ ದಾರಿ ಯಾವುದು ಎಂಬುದನ್ನು ವಯಸ್ಸಾದವರನ್ನು ಕರೆದೊಯ್ಯುವವರು ಮೊದಲೇ ಯೋಚಿಸಬೇಕು. ಗಾಳಿ ಜೋರಾದರೆ ಕೇಬಲ್ ಕಾರ್‌ಗಳು ನಿಲ್ಲುತ್ತವೆ. ನೆಲದ ಮೇಲೆ ಹಲ್ಲುಗಂಬಿ ಕಚ್ಚಿಕೊಂಡು ಓಡುವ ರೈಲಿಗೆ ಆ ತೊಂದರೆ ಬಹಳ ಕಡಿಮೆ. ಮ್ಯೂರೆನ್‌ನ ಎರಡು ದಾರಿಗಳಲ್ಲೂ ಒಂದಲ್ಲ ಒಂದು ಹಂತದಲ್ಲಿ ಕೇಬಲ್ ಕಾರ್ ಇದೆ. ನಾವಿದ್ದ ಎರಡನೆಯ ದಿನ ದಕ್ಷಿಣದಿಂದ ಬೀಸುವ ಫ್ಯೋನ್ ಗಾಳಿಯಿಂದಾಗಿ, ಊರಿನ ಮೇಲಿನ ಶಿಲ್ಟ್‌ಹಾರ್ನ್ ಶಿಖರದ ಕಡೆಗಿನ ಕೇಬಲ್ ಕಾರ್ ಸಂಚಾರ ಮಧ್ಯಾಹ್ನದವರೆಗೆ ನಿಂತಿತ್ತು. ವೆಂಗೆನ್‌ಗೆ ಇರುವುದು ಗಟ್ಟಿ ರೈಲು. ಝೆರ್ಮಾಟ್‌ಗೂ ರೈಲೇ ಇದ್ದರೂ ಅದು ಕಿರಿದಾದ, ಉದ್ದನೆಯ ಕಣಿವೆಯೊಳಗಿನ ಒಂದೇ ಮಾರ್ಗ. 1991ರಲ್ಲಿ ಕೆಳಗಿನ ರಾಂಡಾ ಎಂಬಲ್ಲಿ ಬೆಟ್ಟವೇ ಕುಸಿದು ರೈಲು ಮತ್ತು ರಸ್ತೆ ಎರಡೂ ಮುಚ್ಚಿಹೋದವು. 2018ರ ಜನವರಿಯಲ್ಲಿ ಭಾರಿ ಹಿಮಪಾತದಿಂದ ಸುಮಾರು 13,000 ಪ್ರವಾಸಿಗರು ಊರಿನಲ್ಲೇ ಸಿಕ್ಕಿಕೊಂಡಿದ್ದರು. ಬೇಸಿಗೆಯಲ್ಲಿ ಇಂಥ ಭಯ ಕಡಿಮೆ, ಆದರೆ ಚಳಿಗಾಲದಲ್ಲಿ ಹೋಗುವವರು ವಿಮಾನ ಹತ್ತುವ ಹಿಂದಿನ ರಾತ್ರಿಯನ್ನು ಝೆರ್ಮಾಟ್‌ನಲ್ಲಿ ಕಳೆಯದಿರುವುದು ಒಳ್ಳೆಯದು. ಏಪ್ರಿಲ್ ಕೊನೆ ಮತ್ತು ನವೆಂಬರ್ ತಿಂಗಳಲ್ಲಿ ದುರಸ್ತಿಗಾಗಿ ಹಲವು ಕೇಬಲ್ ಕಾರ್‌ಗಳನ್ನು ನಿಲ್ಲಿಸುತ್ತಾರೆ, ಹೋಟೆಲುಗಳೂ ಬಾಗಿಲು ಹಾಕಿರುತ್ತವೆ.

ಊಟದ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಮೂರೂ ಊರುಗಳಲ್ಲಿ ದಿನಸಿ ಅಂಗಡಿಯಿದೆ. ಅಡುಗೆಮನೆಯಿರುವ ವಸತಿ ಹಿಡಿದು, ಕುಕ್ಕರ್ ಮತ್ತು ಸಾರಿನ ಪುಡಿ ಜೊತೆಗಿಟ್ಟುಕೊಂಡ ನಮಗೆ ತೊಂದರೆಯಾಗಲಿಲ್ಲ. ಹೊರಗೆ ತಿನ್ನುವ ಸಸ್ಯಾಹಾರಿಗಳು ಆಲೂಗಡ್ಡೆಯ ರೋಸ್ಟಿಯಲ್ಲಿ ಹಂದಿಮಾಂಸದ ಚೂರು ಇದೆಯೇ ಎಂದು ಕೇಳಬೇಕು. ಕರಗಿಸಿದ ಚೀಸಿನಲ್ಲಿ ಬ್ರೆಡ್ ಅದ್ದಿ ತಿನ್ನುವ ಫಾಂಡ್ಯೂನಲ್ಲಿ ವೈನ್ ಇರುತ್ತದೆ ಎಂಬುದು ನಮ್ಮ ಹಿರಿಯರಿಗೆ ತಿಳಿದಿರುವುದಿಲ್ಲ. ಖರ್ಚಿನಲ್ಲಿ, ನಮ್ಮ ಲೆಕ್ಕದ ಪ್ರಕಾರ, ಝೆರ್ಮಾಟ್‌ನ ಮೂರು ರಾತ್ರಿಯ ಬಾಡಿಗೆಯಲ್ಲಿ ವೆಂಗೆನ್‌ನಲ್ಲಿ ನಾಲ್ಕು ರಾತ್ರಿ ಇರಬಹುದಿತ್ತು. ಮ್ಯೂರೆನ್ ಇವೆರಡರ ನಡುವೆ. ಬೆಂಗಳೂರಿನಿಂದ ವಿಮಾನದಲ್ಲಿ ಬಂದು ರೈಲಿನಲ್ಲೇ ಸುತ್ತುವವರು ಸ್ವಿಸ್ ಟ್ರಾವೆಲ್ ಪಾಸ್ ಕೊಂಡರೆ ಮೂರೂ ಊರುಗಳವರೆಗೆ ಬೇರೆ ಟಿಕೆಟ್ ಬೇಕಿಲ್ಲ, ಗೋರ್ನರ್‌ಗ್ರಾಟ್‌ಗೆ ಅರ್ಧ ದರ. ನಮ್ಮಂತೆ ಕಾರಿನಲ್ಲಿ ಬರುವವರು ದಿನದ ನಿಲುಗಡೆ ಶುಲ್ಕವನ್ನೂ ಕೊನೆಯ ರೈಲಿನ ಟಿಕೆಟ್ಟನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮುಂದಿನ ಜೂನ್‌ನಲ್ಲಿ ಅಪ್ಪ ಅಮ್ಮ ಮತ್ತೆ ಬರುತ್ತಾರೆ. ಮ್ಯೂರೆನ್‌ನ ಸಮತಟ್ಟಾದ ಬೀದಿ ನನ್ನನ್ನು ಬಹಳ ಸೆಳೆದರೂ, ಕೇಬಲ್ ಕಾರ್ ನಿಂತ ಆ ಬೆಳಿಗ್ಗೆ ಅಮ್ಮನ ಬಿ.ಪಿ. ಮಾತ್ರೆಗಳನ್ನು ಎಣಿಸುತ್ತ ಕುಳಿತಿದ್ದು ನೆನಪಿದೆ. ಆದ್ದರಿಂದ ಐದು ರಾತ್ರಿ ವೆಂಗೆನ್‌ನಲ್ಲಿ ಉಳಿದು, ಗಾಳಿಯಿಲ್ಲದ ಒಂದು ದಿನ ಮ್ಯೂರೆನ್‌ಗೆ ಹೋಗಿ ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತು ಬರುವುದೆಂದು ನಿರ್ಧರಿಸಿದ್ದೇನೆ. ಝೆರ್ಮಾಟ್‌ಗೆ ಮಗಳೊಂದಿಗೆ ಬೇರೆಯಾಗಿ ಹೋಗುತ್ತೇನೆ. ಅವಳ ಕಾಲಿಗೆ ಅರವತ್ತನಾಲ್ಕು ಮೆಟ್ಟಿಲು ಒಂದು ಲೆಕ್ಕವಲ್ಲ. ಈ ಸಲ ಕೊಠಡಿ ಕಾಯ್ದಿರಿಸುವ ಮೊದಲು ವೆಂಗೆನ್‌ನ ವಸತಿಯವರಿಗೆ ಪತ್ರ ಬರೆದು ಮೂರು ವಿಷಯ ಕೇಳಿದೆ: ನಿಲ್ದಾಣದಿಂದ ಎಷ್ಟು ಮೀಟರ್, ದಾರಿಯಲ್ಲೂ ಬಾಗಿಲಲ್ಲೂ ಸೇರಿ ಎಷ್ಟು ಮೆಟ್ಟಿಲು, ರಾತ್ರಿ ತಡವಾಗಿ ಬಂದರೆ ಸಾಮಾನು ಒಯ್ಯುವವರು ಯಾರು. ಮರುದಿನವೇ ಉತ್ತರ ಬಂತು: ನೂರ ಮೂವತ್ತು ಮೀಟರ್, ದಾರಿ ಮಟ್ಟಸ, ಬಾಗಿಲಲ್ಲಿ ಎರಡೇ ಮೆಟ್ಟಿಲು, ಎಷ್ಟೇ ಹೊತ್ತಾದರೂ ತಾವೇ ಕೈಗಾಡಿ ತಳ್ಳಿಕೊಂಡು ನಿಲ್ದಾಣಕ್ಕೆ ಬರುತ್ತೇವೆ.